ಟ್ರೇಡಿಂಗ್‌ನಲ್ಲಿ ನಷ್ಟವಾದಾಗ ಮನಸ್ಸನ್ನೂ ದುಡ್ಡನ್ನೂ ಹಿಡಿತಕ್ಕೆ ತರುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಟ್ರೇಡಿಂಗ್ ಖಾತೆಗಳು ಖಾಲಿಯಾಗುವುದು ಹೆಚ್ಚಾಗಿ ಎರಡನೇ ನಷ್ಟದಿಂದ. ಮೊದಲನೆಯದು ಮಾರುಕಟ್ಟೆ ಕೊಟ್ಟದ್ದು, ಅದು ಯಾರಿಗೂ ತಪ್ಪಿದ್ದಲ್ಲ. ಅದಾದ ಒಂದೆರಡು ಗಂಟೆಯೊಳಗೆ, ಹೋದ ದುಡ್ಡನ್ನು ಇವತ್ತೇ ಎಳೆದು ತರಬೇಕೆಂದು ದುಪ್ಪಟ್ಟು ಗಾತ್ರದಲ್ಲಿ ಹಾಕುವ ಆರ್ಡರ್ ಇದೆಯಲ್ಲ, ದೊಡ್ಡ ಹೊಡೆತ ಬೀಳುವುದು ಅಲ್ಲಿ. ಹಾಗಾಗಿ ಈ ಮಾರ್ಗದರ್ಶಿಯ ಬಹುಪಾಲು ಆ ಎರಡು ಗಂಟೆಯ ಬಗ್ಗೆ, ಮತ್ತು ಅಂಥ ಹೊತ್ತಿನಲ್ಲಿ ಮನೋಬಲವನ್ನೇ ನೆಚ್ಚಿಕೊಂಡು ಕೂರದಂತೆ ಮೊದಲೇ ಏನೇನು ಕಟ್ಟಿಡಬೇಕು ಎಂಬುದರ ಬಗ್ಗೆ. ಯಾವ ಷೇರು ಕೊಳ್ಳಬೇಕು, ಯಾವ ಸೆಟಪ್ ಒಳ್ಳೆಯದು ಎಂಬ ಮಾತು ಇಲ್ಲಿಲ್ಲ.

ಈಗಷ್ಟೇ ದೊಡ್ಡ ನಷ್ಟವಾಗಿದ್ದರೆ ಹಂತ 1ನ್ನು ಮಾತ್ರ ಓದಿ ಅದರಂತೆ ಮಾಡಿ, ಉಳಿದದ್ದನ್ನು ನಾಳೆ ಓದಿದರೆ ಸಾಕು. ಬದುಕೇ ಬೇಡ ಎನ್ನಿಸುತ್ತಿದ್ದರೆ ಅದನ್ನೂ ಬಿಟ್ಟು ನೇರವಾಗಿ ಹಂತ 8ಕ್ಕೆ ಹೋಗಿ.

ಹಂತ 1: ಮೊದಲ ಇಪ್ಪತ್ತು ನಿಮಿಷ

ಮೊದಲು ಖಾತೆಯನ್ನು ಸುರಕ್ಷಿತಗೊಳಿಸಿ, ಆಮೇಲೆ ಮನಸ್ಸನ್ನು. ಪೊಸಿಷನ್ (ಕೊಂಡು ಅಥವಾ ಮಾರಿ ಇನ್ನೂ ಲೆಕ್ಕ ಮುಗಿಸದ ಟ್ರೇಡ್) ಇನ್ನೂ ತೆರೆದಿದ್ದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಈಗ ನನ್ನ ಕೈಯಲ್ಲಿ ಇಲ್ಲದೆ ಹೋಗಿದ್ದರೆ, ಇದೇ ಬೆಲೆಗೆ ಇಷ್ಟೇ ಗಾತ್ರದಲ್ಲಿ ಹೊಸದಾಗಿ ತೆಗೆದುಕೊಳ್ಳುತ್ತಿದ್ದೆನೇ? ಇಲ್ಲ ಎಂದಾದರೆ ಹೊರಬನ್ನಿ. ಗೊತ್ತಾಗುತ್ತಿಲ್ಲ ಎಂದಾದರೆ ಅರ್ಧ ಮಾರಿ, ಉಳಿದ ಅರ್ಧಕ್ಕೆ ಸ್ಟಾಪ್ ಲಾಸ್ (ನೀವು ಗುರುತಿಸಿದ ಬೆಲೆ ಮುಟ್ಟಿದರೆ ತಾನಾಗಿ ಹೊರಬರುವ ಆರ್ಡರ್) ಹಾಕಿ. ಅರ್ಧ ಭಾರ ಇಳಿದ ಮೇಲೆ ತಲೆ ಎಷ್ಟು ಬೇಗ ಕೆಲಸ ಮಾಡತೊಡಗುತ್ತದೆ ಎಂಬುದು ಮಾಡಿ ನೋಡಿದವರಿಗೇ ಗೊತ್ತು.

ಹೊರಬರುವಾಗ ಗಾಬರಿಯಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, ಕೈಯಾರೆ ಪೊಸಿಷನ್ ಮುಚ್ಚಿ, ಮೊದಲೇ ಹಾಕಿಟ್ಟ ಟಾರ್ಗೆಟ್ (ಲಾಭದ ಬೆಲೆಗೆ ಹೊರಬರುವ) ಅಥವಾ ಸ್ಟಾಪ್ ಆರ್ಡರನ್ನು ರದ್ದು ಮಾಡಲು ಮರೆಯುವುದು. ಬೆಲೆ ಅಲ್ಲಿಗೆ ಬಂದಾಗ ಆ ಅನಾಥ ಆರ್ಡರ್ ಕಾರ್ಯಗತವಾಗಿ, ನಿಮಗೆ ಗೊತ್ತೇ ಇಲ್ಲದ ಉಲ್ಟಾ ಪೊಸಿಷನ್ ಒಂದು ಹುಟ್ಟಿಕೊಳ್ಳುತ್ತದೆ. ಎರಡು, ಒಂದು ಆಪ್ಷನ್ (ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ಮಾರಿ ಇನ್ನೊಂದನ್ನು ಕೊಂಡ ಸ್ಪ್ರೆಡ್‌ನಲ್ಲಿ ರಕ್ಷಣೆಗೆಂದು ಕೊಂಡದ್ದನ್ನು ಮೊದಲು ಮಾರಿಬಿಡುವುದು. ಆ ಕ್ಷಣದಲ್ಲಿ ಮಾರಿದ ಭಾಗ ರಕ್ಷಣೆಯಿಲ್ಲದೆ ಬೆತ್ತಲಾಗಿ, ಬ್ರೋಕರ್ ಕೇಳುವ ಒತ್ತೆಹಣ (ಮಾರ್ಜಿನ್) ಜಿಗಿಯುತ್ತದೆ. ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ, ಕೊಂಡದ್ದನ್ನು ಆಮೇಲೆ ಮಾರಿ. ಮೂರು, ಕೊಳ್ಳುವವರು ವಿರಳವಾಗಿರುವ ಕಾಂಟ್ರಾಕ್ಟ್‌ನಲ್ಲಿ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಹೋಗುವ ಆರ್ಡರ್) ಒತ್ತುವುದು. ಅಲ್ಲಿ ಬಿಡ್ ಬೆಲೆಯ (ಕೊಳ್ಳುವವರು ಕೊಡಲು ಸಿದ್ಧವಿರುವ ಬೆಲೆ) ಹತ್ತಿರ ಲಿಮಿಟ್ ಆರ್ಡರ್ (ನೀವು ಹೇಳಿದ ಬೆಲೆಗಿಂತ ಕಡಿಮೆಗೆ ಮಾರದ ಆರ್ಡರ್) ಹಾಕಿ ಒಂದೊಂದೇ ಮೆಟ್ಟಿಲು ಇಳಿಸುತ್ತ ಬರುವುದು ಮೇಲು. ಕೊನೆಗೆ ಪೊಸಿಷನ್ ಪುಟದಲ್ಲಿ ನಿವ್ವಳ ಸಂಖ್ಯೆ ಸೊನ್ನೆ ಇದೆಯೇ, ಬಾಕಿ ಆರ್ಡರ್‌ಗಳ ಪಟ್ಟಿ ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿ.

ಈಗ ಲಾಗ್ ಔಟ್ ಆಗಿ. ಪರದೆಯ ಮೇಲಿನ ಕಿಟಕಿಯನ್ನು ಕೆಳಗಿಳಿಸಿದರೆ ಸಾಲದು. ಕಂಪ್ಯೂಟರ್, ಫೋನ್, ಟ್ಯಾಬ್ ಮೂರರಿಂದಲೂ ಹೊರಬಂದು ಫೋನನ್ನು ಬೇರೆ ಕೋಣೆಯಲ್ಲಿಡಿ. ಎದ್ದು ನಿಂತು ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡಿ. ಹೀಗೆ ಮಾಡಿದರೆ ನಿಮಿಷಕ್ಕೆ ಆರು ಉಸಿರಾಗುತ್ತದೆ, ಐದು ನಿಮಿಷ ಸಾಕು. ಉಸಿರು ಬಿಡುವುದು ಎಳೆಯುವುದಕ್ಕಿಂತ ಉದ್ದವಾಗಿರಬೇಕು ಎಂಬುದೊಂದೇ ಇಲ್ಲಿ ಮುಖ್ಯ, ಎದೆಬಡಿತವನ್ನು ಇಳಿಸುವುದು ಅದೇ. ಮಿಕ್ಕ ಹೊತ್ತು ನಡೆಯಿರಿ. ಟ್ರೇಡಿಂಗ್ ಗುಂಪುಗಳಲ್ಲಿ "ಮುಂದೇನು?" ಎಂದು ಕೇಳಬೇಡಿ. ಮದ್ಯ ಬೇಡ. ಇವತ್ತಿಗೆ ಇನ್ನು ಟ್ರೇಡ್ ಇಲ್ಲ.

ಹಂತ 2: ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಿರಿ

ಇದನ್ನು ತಿಳಿದುಕೊಂಡರೆ ನೋವು ಕಡಿಮೆಯಾಗುತ್ತದೆ ಎಂದೇನೂ ಅಲ್ಲ. ಆದರೆ ಮುಂದಿನ ನಿಯಮಗಳು ಯಾಕೆ ಅಷ್ಟು ಕಟ್ಟುನಿಟ್ಟು ಎಂಬುದು ಅರ್ಥವಾಗುತ್ತದೆ. ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್‌ಕಿ 1979ರಲ್ಲಿ ಮುಂದಿಟ್ಟ ಸಿದ್ಧಾಂತದ ತಿರುಳು ಇದು: ಕಳೆದುಕೊಂಡದ್ದು, ಅಷ್ಟೇ ಮೊತ್ತ ಗಳಿಸಿದ್ದಕ್ಕಿಂತ ಹೆಚ್ಚು ಕಾಡುತ್ತದೆ. 1992ರಲ್ಲಿ ಅವರು ಅಂದಾಜಿಸಿದ ಪ್ರಮಾಣ ಸುಮಾರು ಎರಡೂಕಾಲು ಪಟ್ಟು. ಇನ್ನೂ ಅಪಾಯದ ಮಾತು ಅದೇ ಸಿದ್ಧಾಂತದಲ್ಲಿದೆ. ಲಾಭದಲ್ಲಿರುವಾಗ ಜೋಪಾನವಾಗಿರುವ ಮನುಷ್ಯ ನಷ್ಟದಲ್ಲಿರುವಾಗ ಜೂಜಿಗೆ ಇಳಿಯುತ್ತಾನೆ. ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರಲ್ಲಿ ತೋರಿಸಿದಂತೆ, "ಒಂದೇ ಏಟಿಗೆ ಅಸಲು ಬಂದುಬಿಡುತ್ತದೆ" ಎನ್ನುವ ಅವಕಾಶ ಕಂಡರಂತೂ ಆ ಸೆಳೆತ ವಿಪರೀತ. ಸೋತ ಸಿಟ್ಟಿಗೆ ಮತ್ತೆ ಹಾಕುವ ರಿವೆಂಜ್ ಟ್ರೇಡಿಂಗ್ ಎನ್ನುವುದು ನಿಮ್ಮೊಬ್ಬರ ದೌರ್ಬಲ್ಯವಲ್ಲ, ಎಲ್ಲರ ತಲೆಯೂ ಹಾಗೆಯೇ ವಾಲುತ್ತದೆ.

ದೇಹವೂ ಇದರಲ್ಲಿ ಪಾಲುದಾರ. ಜಾನ್ ಕೋಟ್ಸ್ ಮತ್ತು ಜೋ ಹರ್ಬರ್ಟ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಂಡನ್ನಿನ ಟ್ರೇಡರ್‌ಗಳ ಜೊಲ್ಲನ್ನು ಪರೀಕ್ಷಿಸಿದಾಗ, ಅವರ ಫಲಿತಾಂಶದ ಏರಿಳಿತ ಮತ್ತು ಮಾರುಕಟ್ಟೆಯ ಚಂಚಲತೆ ಹೆಚ್ಚಿದಂತೆಲ್ಲ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಕೂಡ ಏರಿದ್ದು ಕಂಡಿತು. ದಿನಗಟ್ಟಲೆ ಇದು ಏರಿಯೇ ಇದ್ದರೆ ನಿದ್ದೆ, ಜೀರ್ಣ, ತಾಳ್ಮೆ ಎಲ್ಲ ಕೆಡುತ್ತವೆ.

ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕಿನ ಕಥೆ ಎಲ್ಲರೂ ಕೇಳಿರುವಂಥದೇ, ಆದರೆ ಅದರ ಅಂಕಿಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸಿಂಗಪುರದಲ್ಲಿದ್ದ ಅದರ ಟ್ರೇಡರ್ ನಿಕ್ ಲೀಸನ್ 88888 ಸಂಖ್ಯೆಯ ಖಾತೆಯಲ್ಲಿ ಬಚ್ಚಿಟ್ಟಿದ್ದ ನಷ್ಟ 1994ರ ಕೊನೆಗೆ ಸುಮಾರು 20.8 ಕೋಟಿ ಪೌಂಡ್. 1995ರ ಜನವರಿಯಲ್ಲಿ ಕೋಬೆ ಭೂಕಂಪವಾಗಿ ಜಪಾನಿನ ಮಾರುಕಟ್ಟೆ ಕುಸಿದಾಗ ಅವರು ಕೈಬಿಡಲಿಲ್ಲ, ಪೊಸಿಷನ್ ಬೆಳೆಸುತ್ತ ಹೋದರು. ಫೆಬ್ರವರಿ ಕೊನೆಗೆ ಬ್ಯಾಂಕ್ ಮುಳುಗಿತು. ಒಟ್ಟು ನಷ್ಟ 82.7 ಕೋಟಿ ಪೌಂಡ್. ಅಂದರೆ ಎರಡೂವರೆ ವರ್ಷದಲ್ಲಿ ಆದ ನಷ್ಟದ ಸುಮಾರು ಮೂರು ಪಟ್ಟು, ಕೊನೆಯ ಎರಡು ತಿಂಗಳಲ್ಲಿ ಸೇರಿಕೊಂಡಿತು. 1762ರಲ್ಲಿ ಶುರುವಾದ ಬ್ಯಾಂಕು ಒಂದು ಪೌಂಡಿಗೆ ಮಾರಾಟವಾಯಿತು.

ಹಂತ 3: ಅಂಕಿಯನ್ನು ಕಾಗದದ ಮೇಲೆ ಬರೆಯಿರಿ

ಮಾರನೇ ದಿನ, ಮಾರುಕಟ್ಟೆ ಮುಚ್ಚಿರುವಾಗ, ಖಾತೆಯ ಸ್ಟೇಟ್‌ಮೆಂಟ್ ತೆರೆಯಿರಿ. ತೆರೆಯಲು ಭಯವಾಗುತ್ತದೆ ಎಂದೇ ಅನೇಕರು ವಾರಗಟ್ಟಲೆ ಮುಂದೂಡುತ್ತಾರೆ. ಅಷ್ಟು ದಿನವೂ ಆ ಮೊತ್ತ ಮನಸ್ಸಿನಲ್ಲಿ ಬೆಳೆಯುತ್ತಲೇ ಇರುತ್ತದೆ. ನಾಲ್ಕೇ ಸಾಲು ಬರೆಯಿರಿ: ಹಾಕಿದ ಒಟ್ಟು ದುಡ್ಡು, ಹಿಂದೆ ತೆಗೆದದ್ದು, ಈಗ ಉಳಿದದ್ದು, ಸಾಲವಿದ್ದರೆ ಅದರ ಮೊತ್ತ. ಇದರಲ್ಲಿ ಶುಲ್ಕ, ತೆರಿಗೆ, ಸಾಲದ ಬಡ್ಡಿಯೂ ಸೇರಿರಲಿ.

ಆಮೇಲೆ ಈ ಲೆಕ್ಕ ನೋಡಿ. ಬಂಡವಾಳದ ಶೇ. 10 ಹೋದರೆ ಮತ್ತೆ ಅಸಲಿಗೆ ಬರಲು ಉಳಿದದ್ದರ ಮೇಲೆ ಶೇ. 11.1 ಗಳಿಸಬೇಕು. ಶೇ. 20 ಹೋದರೆ ಶೇ. 25 ಬೇಕು. ಶೇ. 30 ಹೋದರೆ ಸುಮಾರು ಶೇ. 43, ಶೇ. 50 ಹೋದರೆ ಶೇ. 100. ಶೇ. 80 ಹೋಗಿದ್ದರೆ ಶೇ. 400. ಅರ್ಧ ಕಳೆದುಕೊಂಡವರು "ಆರು ತಿಂಗಳಲ್ಲಿ ವಾಪಸ್ ತರುತ್ತೇನೆ" ಎಂದಾಗ ತಮಗೇ ತಿಳಿಯದೆ ಒಪ್ಪಿಕೊಳ್ಳುವುದು ಆರು ತಿಂಗಳಲ್ಲಿ ದುಡ್ಡು ದುಪ್ಪಟ್ಟು ಮಾಡುವ ಕರಾರಿಗೆ. ಅದಕ್ಕೆ ಬೇಕಾದ ಗಾತ್ರ ಹಾಕಿದರೆ ಉಳಿದ ಅರ್ಧವೂ ಹೋಗುವ ಸಾಧ್ಯತೆಯೇ ಜಾಸ್ತಿ. ಆದ್ದರಿಂದ ಇಲ್ಲೊಂದು ತೀರ್ಮಾನ ಆಗಲೇಬೇಕು: ಹಳೆಯ ಗರಿಷ್ಠ ಮೊತ್ತವನ್ನು ಮರೆತು, ಈಗ ಉಳಿದಿರುವುದನ್ನೇ ಬಂಡವಾಳ ಎಂದು ಲೆಕ್ಕದ ಪುಸ್ತಕದ ಹೊಸ ಹಾಳೆಯಲ್ಲಿ ಬರೆಯಿರಿ.

ಹಂತ 4: ವಿರಾಮ, ನಿದ್ದೆ, ಮನೆಯವರು

ದಿನದ ಮಿತಿ (ಹಂತ 7 ನೋಡಿ) ಮೀರಿದ ನಷ್ಟಕ್ಕೆ ಕನಿಷ್ಠ ಒಂದು ಪೂರ್ತಿ ಟ್ರೇಡಿಂಗ್ ದಿನ ರಜೆ. ಬಂಡವಾಳದ ಶೇ. 10 ದಾಟಿದ್ದರೆ ಒಂದು ವಾರ, ಶೇ. 25 ದಾಟಿದ್ದರೆ ಒಂದು ತಿಂಗಳು. ಇವು ಶಾಸ್ತ್ರದ ಸಂಖ್ಯೆಗಳಲ್ಲ, ಅನುಭವದ ಅಳತೆ. ನಿಮ್ಮ ಅಳತೆ ಬೇರೆ ಇರಬಹುದು, ಆದರೆ ನಷ್ಟವಾಗುವ ಮೊದಲೇ ಬರೆದಿಟ್ಟಿರಬೇಕು. ರಜೆಯಲ್ಲಿ ಚಾರ್ಟ್ ನೋಡುವುದೂ ಇಲ್ಲ. "ನೋಡುವುದಷ್ಟೇ" ಎಂದು ಕುಳಿತವರು ತಾವು ಬಿಟ್ಟ ಶೇರು ಏರುವುದನ್ನು ಕಂಡು ಕೈ ತಡೆಯಲಾರದೆ ಹೋಗುತ್ತಾರೆ.

ನಿದ್ದೆಯ ವಿಷಯದಲ್ಲಿ ಸರಳ ನಿಯಮ: ಎರಡು ರಾತ್ರಿ ಸತತವಾಗಿ ಆರು ಗಂಟೆಗಿಂತ ಕಡಿಮೆ ಮಲಗಿದ್ದರೆ ಆ ದಿನ ಟ್ರೇಡ್ ಇಲ್ಲ. ರಾತ್ರಿ ಹಿಡಿದಿಟ್ಟ ಪೊಸಿಷನ್ ನಿಮ್ಮನ್ನು ಎಬ್ಬಿಸುತ್ತಿದ್ದರೆ ಅದರ ಗಾತ್ರ ಜಾಸ್ತಿಯಾಗಿದೆ ಎಂದೇ ಅರ್ಥ. ಮಾರನೇ ಬೆಳಗ್ಗೆ ಅರ್ಧಕ್ಕಿಳಿಸಿ, ಆಗಲೂ ನಿದ್ದೆ ಬಾರದಿದ್ದರೆ ಮತ್ತೆ ಅರ್ಧಕ್ಕೆ.

ಮನೆಯವರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಆದರೂ ಹೇಳಲೇಬೇಕು, ಯಾಕೆಂದರೆ ಗುಟ್ಟಾಗಿಟ್ಟ ನಷ್ಟವನ್ನು ಗುಟ್ಟಾಗಿಯೇ ತುಂಬಿಸಬೇಕಾಗುತ್ತದೆ, ಅದಕ್ಕೆ ಟ್ರೇಡಿಂಗ್ ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ. ಹೇಳುವಾಗ ಪೂರ್ತಿ ಮೊತ್ತವನ್ನು ಒಂದೇ ಸಲ ಹೇಳಿ. ಮೊದಲು ಅರ್ಧ, ಹತ್ತು ದಿನ ಬಿಟ್ಟು ಇನ್ನರ್ಧ ಎಂದರೆ ಎರಡನೇ ಸಲ ಹೋಗುವುದು ದುಡ್ಡಿನ ಜೊತೆಗೆ ನಂಬಿಕೆ. "ಇಷ್ಟು ಹೋಗಿದೆ, ಇಷ್ಟು ಉಳಿದಿದೆ, ಇಷ್ಟು ಸಾಲವಿದೆ, ಇವತ್ತಿನಿಂದ ಖಾತೆ ನಿಲ್ಲಿಸಿದ್ದೇನೆ." ಇಷ್ಟೇ ಮಾತು, ಜೊತೆಗೆ ಹಂತ 3ರ ಕಾಗದ. ಹೇಗೆ ವಾಪಸ್ ತರುತ್ತೇನೆ ಎಂಬ ಭರವಸೆಯನ್ನು ಆ ದಿನ ಕೊಡಬೇಡಿ.

ಹಂತ 5: ನಷ್ಟದ ಪಂಚನಾಮೆ

ಎಲ್ಲ ನಷ್ಟವೂ ಒಂದೇ ಜಾತಿಯದಲ್ಲ, ಎಲ್ಲಕ್ಕೂ ಒಂದೇ ಮದ್ದೂ ಇಲ್ಲ. ಕಳೆದ ಮೂವತ್ತು ಟ್ರೇಡ್‌ಗಳನ್ನು ತೆಗೆದು ಪ್ರತಿಯೊಂದರ ಎದುರು ಒಂದು ಗುರುತು ಹಾಕಿ. ನಿಯಮ ಪಾಲಿಸಿಯೂ ಸೋತದ್ದು, ನಿಯಮ ಮುರಿದು ಸೋತದ್ದು, ನಿಯಮ ಮುರಿದು ಗೆದ್ದದ್ದು, ತಾಂತ್ರಿಕ ಎಡವಟ್ಟು (ತಪ್ಪು ಸಂಖ್ಯೆ ಒತ್ತಿದ್ದು, ಕೊಳ್ಳುವ ಬದಲು ಮಾರಿದ್ದು, ನೆಟ್ ಹೋದದ್ದು). ಮೂರನೆಯದರ ಮೇಲೆ ವಿಶೇಷ ಕಣ್ಣಿಡಿ. ಸ್ಟಾಪ್ ಸರಿಸಿದ ಮೇಲೂ ಬೆಲೆ ತಿರುಗಿ ಬಂದು ಲಾಭ ಕೊಟ್ಟ ಟ್ರೇಡ್ ಕಲಿಸುವ ಪಾಠ ಮುಂದಿನ ಹತ್ತು ಟ್ರೇಡ್‌ಗಳಿಗೆ ವಿಷ.

ಮೊದಲ ಜಾತಿಯ ನಷ್ಟಕ್ಕೆ ಪಶ್ಚಾತ್ತಾಪ ಬೇಕಿಲ್ಲ, ಅದು ವ್ಯಾಪಾರದ ಖರ್ಚು. ಆದರೆ ಅದು ಎಷ್ಟು ಸಾಲಾಗಿ ಬರಬಹುದು ಎಂಬ ಅಂದಾಜು ಬಹಳ ಜನಕ್ಕೆ ಇರುವುದಿಲ್ಲ. ನೂರರಲ್ಲಿ ಐವತ್ತು ಗೆಲ್ಲುವ ವಿಧಾನದಲ್ಲಿ, ನೂರು ಟ್ರೇಡ್ ಮಾಡುವಷ್ಟರಲ್ಲಿ ಸತತ ಆರು ಸೋಲು ಬರುವುದು ತೀರ ಮಾಮೂಲು. ನಲವತ್ತು ಮಾತ್ರ ಗೆಲ್ಲುವ ವಿಧಾನವಾದರೆ ಸತತ ಎಂಟನ್ನು ನಿರೀಕ್ಷಿಸಿ. ಆ ಎರಡನೆಯ ವಿಧಾನ ಕೆಟ್ಟದ್ದೇನೂ ಅಲ್ಲ. ಗೆದ್ದಾಗ ಎರಡು ಪಾಲು ಬಂದು ಸೋತಾಗ ಒಂದು ಪಾಲು ಹೋಗುವುದಾದರೆ ಪ್ರತಿ ಟ್ರೇಡಿಗೆ ಸರಾಸರಿ 0.2 ಪಾಲು ಉಳಿಯುತ್ತದೆ (0.4 × 2 − 0.6 × 1). ಅದರಲ್ಲಿ ಶುಲ್ಕ ಮತ್ತು ಸ್ಲಿಪ್ಪೇಜ್ (ಅಂದುಕೊಂಡ ಬೆಲೆಗೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ) 0.1 ಪಾಲು ತಿಂದರೆ ಉಳಿಯುವುದು ಅರ್ಧ. ಆರನೇ ಸೋಲಿಗೆ ತಾಳ್ಮೆ ಕಳೆದುಕೊಂಡು ವಿಧಾನವನ್ನೇ ಬದಲಿಸುವವರು ಯಾವ ವಿಧಾನದ ಫಲವನ್ನೂ ಉಣ್ಣುವುದಿಲ್ಲ.

ಶುಲ್ಕದ ಮಾತು ಬಂದಿದ್ದರಿಂದ ಇದೂ ಇರಲಿ. ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡಿಯನ್ ಅಮೆರಿಕದ 66,465 ಕುಟುಂಬಗಳ 1991ರಿಂದ 1996ರವರೆಗಿನ ಖಾತೆಗಳನ್ನು ಪರಿಶೀಲಿಸಿದಾಗ, ಅತಿ ಹೆಚ್ಚು ಟ್ರೇಡ್ ಮಾಡಿದವರಿಗೆ ವರ್ಷಕ್ಕೆ ಶೇ. 11.4 ಸಿಕ್ಕಿತ್ತು, ಅದೇ ಅವಧಿಯಲ್ಲಿ ಮಾರುಕಟ್ಟೆ ಕೊಟ್ಟದ್ದು ಶೇ. 17.9. ನಷ್ಟ ತುಂಬಲು ಟ್ರೇಡ್‌ಗಳ ಸಂಖ್ಯೆ ಹೆಚ್ಚಿಸುವುದು ತೂತಿನ ಗಡಿಗೆಗೆ ಜೋರಾಗಿ ನೀರು ಹುಯ್ದಂತೆ.

ಹಂತ 6: ಗಾತ್ರ

ಒತ್ತಡ ಕಡಿಮೆ ಮಾಡುವ ಯಾವ ಧ್ಯಾನವೂ ಗಾತ್ರ ಇಳಿಸುವುದರಷ್ಟು ಬೇಗ ಕೆಲಸ ಮಾಡುವುದಿಲ್ಲ. ಒಂದು ಟ್ರೇಡಿನಲ್ಲಿ ಬಂಡವಾಳದ ಶೇ. 1ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದಿಟ್ಟುಕೊಳ್ಳಿ, ಹೊಸಬರಿಗೆ ಶೇ. 0.5 ಇನ್ನೂ ಒಳ್ಳೆಯದು. ಬಂಡವಾಳ 5,00,000 ಇದ್ದರೆ ಒಂದು ಟ್ರೇಡಿನ ರಿಸ್ಕ್ 5,000. ಕೊಳ್ಳುವ ಬೆಲೆ 250, ಸ್ಟಾಪ್ 240 ಎಂದಾದರೆ ಪ್ರತಿ ಶೇರಿಗೆ ಹೋಗುವುದು 10. ಹಾಗಾಗಿ 500 ಶೇರು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಕ್ರಮ ಮುಖ್ಯ: ಮೊದಲು ಚಾರ್ಟ್ ಪ್ರಕಾರ ಸ್ಟಾಪ್ ಎಲ್ಲಿರಬೇಕೋ ಅಲ್ಲಿ ಗುರುತಿಸಿ, ಆಮೇಲೆ ಸಂಖ್ಯೆ ಲೆಕ್ಕ ಹಾಕುವುದು. ಬಹುತೇಕರು ಉಲ್ಟಾ ಮಾಡುತ್ತಾರೆ. ಇಷ್ಟು ಕೊಳ್ಳಬೇಕೆಂದು ಮೊದಲೇ ನಿರ್ಧರಿಸಿ, ಅದಕ್ಕೆ ತಕ್ಕಂತೆ ಸ್ಟಾಪನ್ನು ಹತ್ತಿರಕ್ಕೆ ಎಳೆಯುತ್ತಾರೆ. ಬೆಲೆಯ ಮಾಮೂಲಿ ಓಲಾಟಕ್ಕೇ ಆ ಸ್ಟಾಪ್ ಬೀಳುತ್ತದೆ, ಆಮೇಲೆ "ಯಾರೋ ಬೇಕೆಂದೇ ನನ್ನ ಸ್ಟಾಪ್ ಹೊಡೆದರು" ಎಂಬ ಗೊಣಗಾಟ. ಫ್ಯೂಚರ್ಸ್ (ಮುಂದಿನ ದಿನಾಂಕದ ವ್ಯವಹಾರಕ್ಕೆ ಇಂದೇ ಬೆಲೆ ನಿಗದಿ ಮಾಡುವ ಕರಾರು) ಅಥವಾ ಆಪ್ಷನ್‌ನಲ್ಲಿ ಒಂದು ಲಾಟಿನ (ಕೊಳ್ಳಬಹುದಾದ ಕನಿಷ್ಠ ಕಟ್ಟಿನ) ರಿಸ್ಕೇ ನಿಮ್ಮ ಮಿತಿ ಮೀರುತ್ತಿದ್ದರೆ ಆ ಟ್ರೇಡ್ ನಿಮಗಲ್ಲ.

ಸತತ ಹತ್ತು ಸೋಲು ಬಂದಾಗ ಏನಾಗುತ್ತದೆ ನೋಡಿ. ಪ್ರತಿ ಸಲ ಉಳಿದದ್ದರ ಶೇ. 1 ಹಾಕಿದವರು ಸುಮಾರು ಶೇ. 9.6 ಕಳೆದುಕೊಂಡಿರುತ್ತಾರೆ. ಶೇ. 2 ಹಾಕಿದವರು ಶೇ. 18. ಶೇ. 5 ಹಾಕಿದವರು ಶೇ. 40. ಸೋತಾಗಲೆಲ್ಲ ದುಪ್ಪಟ್ಟು ಮಾಡುವವರ ಲೆಕ್ಕ ಬೇರೆಯೇ: 1, 2, 4, 8 ಎಂದು ಹೋದರೆ ಏಳನೇ ಸೋಲಿಗೆ ಒಟ್ಟು ಹೋಗಿರುವುದು 127 ಪಾಲು, ಎಂಟನೆಯದು ಗೆದ್ದರೂ ಸಿಗುವ ನಿವ್ವಳ ಲಾಭ ಒಂದೇ ಪಾಲು. ಬೆಲೆ ಇಳಿದಂತೆಲ್ಲ ಲಿವರೇಜ್ (ಕೈಯಲ್ಲಿರುವುದಕ್ಕಿಂತ ದೊಡ್ಡ ಗಾತ್ರಕ್ಕೆ ಬಳಸುವ ಎರವಲು ಬಲ) ಮೇಲೆ ಇನ್ನಷ್ಟು ಕೊಂಡು "ಆವರೇಜ್" ಮಾಡುವುದೂ ಇದರ ದಾಯಾದಿಯೇ.

ಸ್ಟಾಪ್ ಲಾಸ್ ಇದ್ದ ಮಾತ್ರಕ್ಕೆ ನಷ್ಟ ಅಲ್ಲೇ ನಿಲ್ಲುತ್ತದೆ ಎಂದು ನಂಬಬೇಡಿ. ಸಾಮಾನ್ಯ ಸ್ಟಾಪ್ ಆರ್ಡರ್ ಬೆಲೆ ಮುಟ್ಟಿದಾಗ ಮಾರ್ಕೆಟ್ ಆರ್ಡರ್ ಆಗುತ್ತದೆ, ಆಗ ಸಿಕ್ಕ ಬೆಲೆಗೆ ಹೋಗುತ್ತದೆ. ಸ್ಟಾಪ್ ಲಿಮಿಟ್ ಆದರೆ ಬೆಲೆ ಹಾರಿ ದಾಟಿದಾಗ ಹೋಗದೆಯೇ ಉಳಿದುಬಿಡಬಹುದು. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕಾದ ಸ್ವಿಸ್ ನ್ಯಾಷನಲ್ ಬ್ಯಾಂಕ್, ಒಂದು ಯೂರೋಗೆ 1.20 ಫ್ರಾಂಕ್‌ಗಿಂತ ಕೆಳಗಿಳಿಯದಂತೆ ಇಟ್ಟಿದ್ದ ಮಿತಿಯನ್ನು ದಿಢೀರನೆ ಕೈಬಿಟ್ಟಾಗ ಫ್ರಾಂಕ್ ನಿಮಿಷಗಳಲ್ಲಿ ಚಿಮ್ಮಿತು. ಎಷ್ಟೋ ಸ್ಟಾಪ್‌ಗಳು ಬಹಳ ದೂರದ ಬೆಲೆಗೆ ಹೋದವು, ಲಿವರೇಜ್ ಇದ್ದವರ ಖಾತೆಗಳು ಸೊನ್ನೆಗಿಂತ ಕೆಳಗಿಳಿದವು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ಮೇ ಫ್ಯೂಚರ್ಸ್ −37.63 ಡಾಲರ್‌ಗೆ ಮುಗಿಯಿತು. ಬೆಲೆ ಸೊನ್ನೆಗಿಂತ ಕೆಳಗೆ ಹೋಗಲಾರದು ಎಂದು ಲೆಕ್ಕ ಹಾಕಿದ್ದವರಿಗೆ ಸ್ಟಾಪ್ ಎಲ್ಲಿದ್ದರೇನು! ರಾತ್ರಿ, ವಾರಾಂತ್ಯ ಅಥವಾ ದೊಡ್ಡ ಘೋಷಣೆ ದಾಟಿಸಿ ಹಿಡಿಯುವುದಾದರೆ ಗಾತ್ರವನ್ನು ಮೂರನೇ ಒಂದಕ್ಕೆ ಇಳಿಸಿ, ಅಥವಾ ನಷ್ಟದ ಗರಿಷ್ಠ ಮಿತಿ ಗೊತ್ತಿರುವ ಆಪ್ಷನ್ ಖರೀದಿಯಿಂದ ರಕ್ಷಣೆ ಮಾಡಿಕೊಳ್ಳಿ.

ಹಂತ 7: ಬೀಗಗಳು ಮತ್ತು ಜರ್ನಲ್

ಮಿತಿಗಳನ್ನು ಗೋಡೆಗೆ ಅಂಟಿಸಿದರೆ ಸಾಲದು, ಮುರಿಯಲು ತ್ರಾಸವಾಗುವಂತೆ ಮಾಡಬೇಕು. ದಿನಕ್ಕೆ ಎರಡು ಟ್ರೇಡಿನ ರಿಸ್ಕ್ (ಅಂದರೆ ಶೇ. 2), ವಾರಕ್ಕೆ ಶೇ. 4, ತಿಂಗಳಿಗೆ ಶೇ. 8 ನಷ್ಟವಾದರೆ ಆ ಅವಧಿಗೆ ಅಂಗಡಿ ಬಂದ್ ಎಂದು ಇಟ್ಟುಕೊಂಡರೆ, ಅದನ್ನು ಜಾರಿ ಮಾಡುವ ಕೆಲಸವನ್ನು ಯಂತ್ರಕ್ಕೆ ಬಿಡಿ. ಹಲವು ಬ್ರೋಕರ್‌ಗಳ ವೇದಿಕೆಯಲ್ಲಿ ಆ ದಿನಕ್ಕೆ ಟ್ರೇಡಿಂಗ್ ಮುಚ್ಚುವ ಕಿಲ್ ಸ್ವಿಚ್ ಇರುತ್ತದೆ. ಇಲ್ಲದಿದ್ದರೆ ಫ್ಯೂಚರ್ಸ್ ಮತ್ತು ಆಪ್ಷನ್ ವಿಭಾಗವನ್ನೇ ನಿಷ್ಕ್ರಿಯಗೊಳಿಸಲು ಬರೆದು ಕೇಳಿ. ಟ್ರೇಡಿಂಗ್ ಖಾತೆಯಲ್ಲಿ ಒಂದು ತಿಂಗಳಿಗೆ ಬೇಕಾದಷ್ಟೇ ದುಡ್ಡಿರಲಿ, ಮಿಕ್ಕದ್ದು ತಕ್ಷಣ ವರ್ಗಾಯಿಸಲಾಗದ ಬೇರೆ ಬ್ಯಾಂಕಿನಲ್ಲಿರಲಿ. ಉಳಿಸಿಟ್ಟ ಕಾರ್ಡ್ ವಿವರ ಅಳಿಸಿ. ಫೋನಿನಿಂದ ಆ್ಯಪ್ ತೆಗೆಯಿರಿ. ಆರ್ಡರ್ ಸೆಟ್ಟಿಂಗ್‌ನಲ್ಲಿ ಡಿಫಾಲ್ಟ್ ಸಂಖ್ಯೆಯನ್ನು ಕನಿಷ್ಠಕ್ಕಿಳಿಸಿ. ಸಿಟ್ಟಿನಲ್ಲಿ ಬೆರಳು ಓಡುವಾಗ ಹಳೆಯ ದೊಡ್ಡ ಸಂಖ್ಯೆ ಅಲ್ಲೇ ತುಂಬಿಕೊಂಡಿರುವುದು ಎಷ್ಟು ಅನಾಹುತ ಮಾಡಿದೆಯೋ!

ಲಾಭ ನಷ್ಟದ ಕಾಲಂ ಬಚ್ಚಿಡುವ ಸೌಲಭ್ಯವಿದ್ದರೆ ಬಚ್ಚಿಡಿ. ಹಣದ ಬದಲು "ಆರ್" ಎಂಬ ಅಳತೆಯಲ್ಲಿ ಯೋಚಿಸುವುದು ಟ್ರೇಡರ್‌ಗಳಲ್ಲಿ ರೂಢಿ: ಟ್ರೇಡಿಗೆ ಮೊದಲೇ ನಿಗದಿ ಮಾಡಿದ ರಿಸ್ಕ್ ಎಂದರೆ 1 ಆರ್. ಕಳೆದುಕೊಂಡದ್ದು ಒಂದು ತಿಂಗಳ ಬಾಡಿಗೆ ಎಂದು ಮನಸ್ಸು ಲೆಕ್ಕ ಹಾಕುವ ಬದಲು 1 ಆರ್ ಎಂದು ಹಾಕಿದರೆ ಕುದಿ ತುಸು ತಗ್ಗುತ್ತದೆ.

ಜರ್ನಲ್ ಉದ್ದ ಬರೆಯಬೇಕಿಲ್ಲ, ಅಂಕಿ ಸರಿಯಿರಬೇಕು. ಒಂದು ನಮೂನೆ:

"10:42. ಖರೀದಿ 312.40. ಸ್ಟಾಪ್ 309.00. ಸಂಖ್ಯೆ 300. ರಿಸ್ಕ್ 1,020. ನಿದ್ದೆ 5 ಗಂಟೆ. ಒತ್ತಡ 10ಕ್ಕೆ 7. ಹಿಂದಿನ ಟ್ರೇಡ್ ಮುಗಿದು 3 ನಿಮಿಷ. ಸ್ಟಾಪ್ 307ಕ್ಕೆ ಸರಿಸಿದೆ. ನಿರ್ಗಮನ 306.20. ನಷ್ಟ 1,860, ಅಂದರೆ 1.82 ಆರ್. ನಿಯಮ: ಇಲ್ಲ."

ಈ ಒಂದು ಸಾಲಿನಲ್ಲೇ ಕಾಯಿಲೆ ಕಾಣುತ್ತದೆ. ಸ್ಟಾಪ್ ಸರಿಸಿದ್ದರ ಮತ್ತು ಸ್ಲಿಪ್ಪೇಜಿನ ಬೆಲೆ 0.82 ಆರ್. ಅದಕ್ಕೂ ಮೊದಲು, ಹಿಂದಿನ ಟ್ರೇಡ್ ಮುಗಿದ ಮೂರೇ ನಿಮಿಷಕ್ಕೆ, ನಿದ್ದೆಗೆಟ್ಟ ಕಣ್ಣಲ್ಲಿ ಇದನ್ನು ಹಾಕಲಾಗಿದೆ. ಮೂವತ್ತು ಟ್ರೇಡ್ ಆದಮೇಲೆ ನಿಯಮ ಪಾಲಿಸಿದವನ್ನೂ ಮುರಿದವನ್ನೂ ಬೇರೆ ಬೇರೆ ಕೂಡಿ. ಪಾಲಿಸಿದ 22ರಿಂದ +3.5 ಆರ್, ಮುರಿದ 8ರಿಂದ −9 ಆರ್ ಎಂಬಂಥ ಫಲಿತಾಂಶ ಬಂದರೆ ಹೊಸ ಇಂಡಿಕೇಟರ್ ಹುಡುಕುವ ಕೆಲಸವಿಲ್ಲ, ಆ ಎಂಟನ್ನು ತಡೆಯುವ ಬೀಗ ಹುಡುಕಬೇಕು. ಎರಡೂ ಗುಂಪು ನಷ್ಟದಲ್ಲಿದ್ದರೆ ವಿಧಾನದಲ್ಲೇ ದಮ್ಮಿಲ್ಲ. ಅದನ್ನು ಶಿಸ್ತಿನಿಂದ ಸರಿಪಡಿಸಲಾಗದು.

ಹಂತ 8: ಇದು ಟ್ರೇಡಿಂಗ್ ದಾಟಿದ್ದರೆ

ಟ್ರೇಡಿಂಗ್ ಯಾವಾಗ ಜೂಜಾಗುತ್ತದೆ ಎಂಬುದಕ್ಕೆ ಗುರುತುಗಳಿವೆ. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2013ರ ಕೈಪಿಡಿಯಲ್ಲಿ ಜೂಜಿನ ಕಾಯಿಲೆಗೆ ಒಂಬತ್ತು ಲಕ್ಷಣ ಪಟ್ಟಿ ಮಾಡಿದೆ, ಹನ್ನೆರಡು ತಿಂಗಳಲ್ಲಿ ನಾಲ್ಕು ಅಥವಾ ಹೆಚ್ಚು ಕಂಡರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ಸೋತದ್ದನ್ನು ವಾಪಸ್ ತರಲು ಮರುದಿನ ಮತ್ತೆ ಬರುವುದು, ಅದೇ ರೋಮಾಂಚನಕ್ಕೆ ದಿನೇದಿನೇ ದೊಡ್ಡ ಮೊತ್ತ ಬೇಕಾಗುವುದು, ನಿಲ್ಲಿಸಲು ಹೋಗಿ ಪದೇ ಪದೇ ವಿಫಲವಾಗುವುದು, ನಿಲ್ಲಿಸಿದರೆ ಚಡಪಡಿಕೆ, ಮನೆಯವರಿಗೆ ಸುಳ್ಳು, ಕೈಗಡ, ಕೆಲಸ ಅಥವಾ ಸಂಬಂಧಕ್ಕೆ ಕುತ್ತು, ಇವೆಲ್ಲ ಆ ಪಟ್ಟಿಯಲ್ಲಿವೆ. ಹೌದು ಎಂಬ ಉತ್ತರಗಳು ನಾಲ್ಕಾದರೆ ಮನೋವೈದ್ಯರನ್ನು ಕಾಣಿ. ಜೂಜು ಬಿಡಲು ಪರಸ್ಪರ ನೆರವಾಗುವ ಸಂಘವಾಗಿ 1957ರಲ್ಲಿ ಶುರುವಾದ ಗ್ಯಾಂಬ್ಲರ್ಸ್ ಅನಾನಿಮಸ್‌ನ ಸಭೆಗಳು ಹಲವು ದೇಶಗಳಲ್ಲಿ ನಡೆಯುತ್ತವೆ, ಟ್ರೇಡಿಂಗ್‌ನಿಂದ ಕೈಸುಟ್ಟುಕೊಂಡವರೂ ಅಲ್ಲಿಗೆ ಹೋಗಬಹುದು. ಈ ಸ್ಥಿತಿಯಲ್ಲಿ ಹಂತ 6, 7 ಉಪಯೋಗಕ್ಕೆ ಬರುವುದಿಲ್ಲ. ಪೂರ್ತಿ ನಿಲ್ಲಿಸುವುದೇ ಚಿಕಿತ್ಸೆಯ ಮೊದಲ ಭಾಗ.

ಸಾಯುವ ಯೋಚನೆ ಬರುತ್ತಿದ್ದರೆ ದುಡ್ಡಿನ ವಿಷಯವನ್ನು ಇವತ್ತಿಗೆ ಬದಿಗಿಡಿ. ಈಗಲೇ ಒಬ್ಬರಿಗೆ ಫೋನ್ ಮಾಡಿ "ನನಗೆ ಹೀಗೆ ಅನ್ನಿಸುತ್ತಿದೆ, ನನ್ನ ಜೊತೆ ಇರು" ಎಂದು ಇದೇ ಮಾತಿನಲ್ಲಿ ಹೇಳಿ. ರಾತ್ರಿ ಒಬ್ಬರೇ ಇರಬೇಡಿ. ಅಪಾಯದ ವಸ್ತುಗಳನ್ನು ಬೇರೆಯವರ ಸುಪರ್ದಿಗೆ ಕೊಡಿ. ನೀವಿರುವ ಕಡೆಯ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿ, ಕೈಮೀರುತ್ತಿದೆ ಎನ್ನಿಸಿದರೆ ತುರ್ತು ಸೇವೆಗೆ ಅಥವಾ ಹತ್ತಿರದ ಆಸ್ಪತ್ರೆಗೆ. ಮನೆಯವರು ಇದನ್ನು ಓದುತ್ತಿದ್ದರೆ: ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಬದಲಿಗೆ ಹೊತ್ತವರ ಭಾರ ಇಳಿಯುತ್ತದೆ. ಎಷ್ಟು ಹೋಯಿತು, ಯಾಕೆ ಹೀಗೆ ಮಾಡಿದೆ ಎಂಬ ವಿಚಾರಣೆ ಬೇರೆ ದಿನಕ್ಕಿರಲಿ.

ಹಂತ 9: ಸಾಲ ಮತ್ತು ಎರಡನೇ ಬಲೆ

ಸಾಲವಿದ್ದರೆ ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕಂತಿನ ದಿನ ಯಾವುದು, ತಪ್ಪಿದರೆ ದಂಡ ಎಷ್ಟು ಎಂದು ಪಟ್ಟಿ ಮಾಡಿ. ಮನೆ ನಡೆಯಲು ಬೇಕಾದದ್ದನ್ನು ಮೊದಲು ತೆಗೆದಿಟ್ಟು, ಎಲ್ಲಕ್ಕೂ ಕನಿಷ್ಠ ಕಂತು ಕಟ್ಟಿ, ಮಿಕ್ಕದ್ದನ್ನು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಸುರಿಯಿರಿ. ಕಂತು ತಪ್ಪುವ ಸೂಚನೆ ಕಂಡಾಗಲೇ ಸಾಲ ಕೊಟ್ಟವರ ಹತ್ತಿರ ಅವಧಿ ವಿಸ್ತರಣೆ ಕೇಳಿ. ತಪ್ಪಿದ ಮೇಲೆ ಕೇಳಿದರೆ ಮಾತಿಗೆ ತೂಕವಿರುವುದಿಲ್ಲ. ಟ್ರೇಡಿಂಗ್ ಲಾಭದಿಂದ ಕಂತು ಕಟ್ಟುವ ಯೋಜನೆ ಯೋಜನೆಯೇ ಅಲ್ಲ.

ನಷ್ಟವಾದವರನ್ನು ಹುಡುಕಿಕೊಂಡು ಬರುವವರಿದ್ದಾರೆ. "ನಿಮ್ಮ ಖಾತೆ ನಾವು ನಡೆಸುತ್ತೇವೆ, ಪಾಸ್‌ವರ್ಡ್ ಕೊಡಿ", "ಹೋದ ದುಡ್ಡು ವಸೂಲಿ ಮಾಡಿಕೊಡುತ್ತೇವೆ, ಮುಂಗಡ ಶುಲ್ಕ ಕಟ್ಟಿ", "ಖಚಿತ ಲಾಭದ ಟಿಪ್ಸ್". ಮೂರೂ ಮೋಸ. ಮೊದಲ ನಷ್ಟದ ಅವಮಾನದಿಂದ ಬೇಗ ಪಾರಾಗಬೇಕೆಂಬ ಅವಸರವೇ ಅವರ ಬಂಡವಾಳ.

ಹಂತ 10: ಮರಳುವುದು, ಅಥವಾ ಮುಚ್ಚುವುದು

ಮರಳಲು ಷರತ್ತುಗಳಿರಲಿ: ನಿದ್ದೆ ಸರಿಹೋಗಿರಬೇಕು, ಮನೆಯವರಿಗೆ ಗೊತ್ತಿರಬೇಕು, ಹಾಕುವ ದುಡ್ಡು ಸಾಲದ್ದಾಗಿರಬಾರದು, ಪಂಚನಾಮೆ ಮುಗಿದಿರಬೇಕು. ಪೇಪರ್ ಟ್ರೇಡಿಂಗ್ (ದುಡ್ಡಿಲ್ಲದೆ ಅಣಕು ಟ್ರೇಡ್ ಮಾಡುವುದು) ಆರ್ಡರ್ ಹಾಕುವ ಅಭ್ಯಾಸಕ್ಕೆ ಸರಿ, ಮನಸ್ಸಿನ ಪರೀಕ್ಷೆಗೆ ಸಾಲದು. ಅಲ್ಲಿ ಎದೆ ಡವಗುಟ್ಟುವುದಿಲ್ಲ. ಹಾಗಾಗಿ ನಿಜವಾದ ದುಡ್ಡಿನಲ್ಲಿ, ಆದರೆ ಸಾಧ್ಯವಿರುವ ಅತಿ ಚಿಕ್ಕ ಗಾತ್ರದಲ್ಲಿ ಇಪ್ಪತ್ತು ಟ್ರೇಡ್ ಮಾಡಿ. ಅಳೆಯಬೇಕಾದ್ದು ಲಾಭವನ್ನಲ್ಲ, ನಿಯಮ ಪಾಲಿಸಿದ ಸಂಖ್ಯೆಯನ್ನು. ಇಪ್ಪತ್ತರಲ್ಲಿ ಹದಿನೆಂಟು ಬಂದರೆ ಮುಂದಿನ ಇಪ್ಪತ್ತಕ್ಕೆ ಪೂರ್ಣ ಗಾತ್ರದ ಅರ್ಧ, ಅಲ್ಲೂ ಹದಿನೆಂಟು ಬಂದರೆ ಪೂರ್ಣ. ಬರದಿದ್ದರೆ ಮೊದಲಿನಿಂದ. ಒಂದು ಟ್ರೇಡ್ ಸೋತ ಮೇಲೆ ಇನ್ನೊಂದಕ್ಕೆ ಮೊದಲು ಹದಿನೈದು ನಿಮಿಷ ಕುರ್ಚಿಯಿಂದ ಎದ್ದಿರಬೇಕು.

ನಲವತ್ತು ಟ್ರೇಡ್ ಆದಮೇಲೂ ನಿಯಮದೊಳಗಿನ ಗುಂಪು ಶುಲ್ಕ ಕಳೆದು ಮೈನಸ್‌ನಲ್ಲೇ ಇದ್ದು, ಬದಲಿಸಲು ಸ್ಪಷ್ಟವಾದ ಒಂದು ಅಂಶವೂ ಕಾಣದಿದ್ದರೆ ಮುಚ್ಚುವುದೇ ಒಳ್ಳೆಯ ತೀರ್ಮಾನ. ಅದಕ್ಕೂ ಕ್ರಮವಿದೆ. ಎಲ್ಲ ಪೊಸಿಷನ್, ಬಾಕಿ ಆರ್ಡರ್ ಮುಗಿಸಿ. ದೀರ್ಘಾವಧಿಗೆ ಇಟ್ಟುಕೊಂಡ ಶೇರುಗಳಿದ್ದರೆ ಟ್ರೇಡಿಂಗ್ ಸೌಲಭ್ಯವಿಲ್ಲದ ಬೇರೆ ಖಾತೆಗೆ ವರ್ಗಾಯಿಸಿ. ದುಡ್ಡು ಬ್ಯಾಂಕಿಗೆ ಬಂದ ಮೇಲೆ, ಖಾತೆ ಮುಚ್ಚುವ ಮೊದಲು, ಶುರುವಿನಿಂದ ಇಲ್ಲಿಯವರೆಗಿನ ಟ್ರೇಡ್ ಪಟ್ಟಿ, ಲೆಡ್ಜರ್ ಮತ್ತು ತೆರಿಗೆ ವರದಿಗಳನ್ನು ಇಳಿಸಿಕೊಳ್ಳಿ. ಹಲವು ದೇಶಗಳಲ್ಲಿ ಈ ನಷ್ಟವನ್ನು ಮುಂದಿನ ವರ್ಷಗಳ ಲಾಭದೆದುರು ವಜಾ ಮಾಡಿಕೊಳ್ಳಲು ಅವಕಾಶವಿದೆ, ಅದಕ್ಕೆ ಗಡುವಿನೊಳಗೆ ವಿವರ ಸಲ್ಲಿಸಿರಬೇಕು. ಖಾತೆ ಮುಚ್ಚಿದ ಮೇಲೆ ಈ ಕಡತಗಳಿಗಾಗಿ ಅಲೆಯಬೇಕಾಗುತ್ತದೆ. ನಂತರ ಲಿಖಿತ ಕೋರಿಕೆ ಕೊಟ್ಟು, ಚಾರ್ಟ್ ಮತ್ತು ಡೇಟಾ ಚಂದಾಗಳನ್ನೂ ಬ್ಯಾಂಕಿನಲ್ಲಿರುವ ಆಟೋ ಡೆಬಿಟ್ ಅನುಮತಿಯನ್ನೂ ರದ್ದು ಮಾಡಿ, ಟಿಪ್ಸ್ ಗುಂಪುಗಳಿಂದ ಹೊರಬನ್ನಿ. ಮುಚ್ಚಿದ ಬಗ್ಗೆ ಬ್ರೋಕರ್‌ನಿಂದ ದೃಢೀಕರಣ ಬರುವ ತನಕ ಬಿಡಬೇಡಿ, ಅರ್ಧಂಬರ್ಧ ಮುಚ್ಚಿದ ಖಾತೆಯಲ್ಲಿ ನಿರ್ವಹಣಾ ಶುಲ್ಕ ಏರುತ್ತಲೇ ಇರುತ್ತದೆ.